ಒಣ ನೆಲದ ವಸಂತ

ಪಂಚಾಂಗದ ಲೆಕ್ಕದಲ್ಲಿ ಚೈತ್ರ, ವೈಶಾಖ ಮಾಸಗಳು ವಸಂತ ಋತು. ಕರ್ನಾಟಕದ ಮರಗಳು ಅಷ್ಟು ದಿನ ಕಾಯುವುದಿಲ್ಲ. ಶಿವರಾತ್ರಿಯ ಹೊತ್ತಿಗಾಗಲೇ ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಮುತ್ತುಗ ಎಲೆಯೆಲ್ಲ ಕಳಚಿ, ಮೈತುಂಬ ಕಿತ್ತಳೆಗೆಂಪು ಹೂ ಹೊತ್ತು ನಿಂತಿರುತ್ತದೆ. ಮಲೆನಾಡಿನ ಅಂಚಿನಲ್ಲಿ ಬೂರುಗದ ದಪ್ಪ ದಳದ ಹೂಗಳು ಟಪ್ಪೆಂದು ನೆಲಕ್ಕೆ ಬೀಳುತ್ತಿರುತ್ತವೆ. ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಹೊಂಗೆ ಹಳೆಯ ಎಲೆ ಉದುರಿಸಿ ಹೊಸ ಚಿಗುರು ತಳೆಯುತ್ತದೆ. ಯುಗಾದಿಗೆ ಬೇವು ಹೂ ಬಿಡುತ್ತದೆ, ಮಾವಿನಲ್ಲಿ ಕಾಯಿ ತೂಗುತ್ತಿರುತ್ತದೆ. ಹೀಗೆ ಫೆಬ್ರವರಿ ನಡುವಿನಿಂದ ಏಪ್ರಿಲ್ ಕೊನೆಯವರೆಗಿನ ಹತ್ತು ವಾರ ಈ ನಾಡಿನ ನಿಜವಾದ ವಸಂತ. ಮಳೆ ದೂರವಾಗಿ, ಕೆರೆ ಇಳಿದು, ಬಾವಿಯ ತಳ ಕಂಡು, ಹೊಲ ಬಿರುಕು ಬಿಡುವುದೂ ಇದೇ ವಾರಗಳಲ್ಲಿ. ಹೂವಿನ ಸಮೃದ್ಧಿ, ನೀರಿನ ಕೊರತೆ ಎರಡೂ ಒಟ್ಟಿಗೇ ಬರುವುದು ಈ ವಸಂತದ ಮುಖ್ಯ ಲಕ್ಷಣ. ಅದನ್ನು ಸವಿಯುವ ದಾರಿಯೂ ಇದಕ್ಕೆ ಹೊಂದಿಕೊಂಡೇ ಇರಬೇಕು.

ಈ ನಾಡಿನಲ್ಲಿ ವಸಂತವೇ ಇಲ್ಲ, ಚಳಿ ಮುಗಿದರೆ ಸೀದಾ ಬೇಸಿಗೆ ಎಂಬ ಮಾತು ವಿದ್ಯಾವಂತರ ನಡುವೆ ಆಗಾಗ ಕೇಳಿಬರುತ್ತದೆ. ಶೀತ ದೇಶಗಳ ಚಿತ್ರವನ್ನು ಅಳತೆಗೋಲು ಮಾಡಿಕೊಂಡಾಗ ಹಾಗೆ ಅನ್ನಿಸುವುದು ಸಹಜ. ಅಲ್ಲಿ ಹಿಮ ಕರಗಿ, ತೇವ ತುಂಬಿದ ನೆಲ ಬೆಚ್ಚಗಾಗುತ್ತದೆ; ಹುಲ್ಲು, ಗೆಡ್ಡೆ, ಬಿತ್ತಿದ ಬೀಜ ಎಲ್ಲವೂ ಒಮ್ಮೆಗೇ ಮೇಲೇಳುತ್ತವೆ. ಆದ್ದರಿಂದ ಇಂಗ್ಲೆಂಡಿನ ತೋಟಗಾರನಿಗೆ ಮಾರ್ಚ್, ಏಪ್ರಿಲ್ ಎಂದರೆ ಬಿತ್ತನೆಯ ತಿಂಗಳು. ಅಲ್ಲಿ ಗಿಡಗಳನ್ನು ತಡೆದು ನಿಲ್ಲಿಸಿದ್ದು ಚಳಿ. ಇಲ್ಲಿ ತಡೆಯುವುದು ನೀರಿನ ಅಭಾವ. ಅಲ್ಲಿನ ಬಿತ್ತನೆಯ ಪಟ್ಟಿಯನ್ನೇ ಓದಿಕೊಂಡು ತುಮಕೂರಿನಲ್ಲೋ ಬಳ್ಳಾರಿಯಲ್ಲೋ ಮಾರ್ಚಿಯಲ್ಲಿ ಸಸಿ ನೆಟ್ಟರೆ ಅದು ಎರಡು ವಾರದೊಳಗೆ ಸುಟ್ಟುಹೋಗುತ್ತದೆ. ಕೈತೋಟ ತನಗೆ ಒಗ್ಗುವುದಿಲ್ಲ ಎಂದು ಕೈಬಿಟ್ಟವರಲ್ಲಿ ಅನೇಕರು ಸೋತಿರುವುದು ಗಿಡ ಬೆಳೆಸುವ ಕೌಶಲದಲ್ಲಲ್ಲ, ಕಾಲದ ಆಯ್ಕೆಯಲ್ಲಿ.

ಒಣಗಿದ ನೆಲದಲ್ಲಿ ಮರಗಳು ಹೂ ಬಿಡುವುದಕ್ಕೆ, ಚಿಗುರುವುದಕ್ಕೆ ಗಟ್ಟಿಯಾದ ಕಾರಣಗಳಿವೆ. ಎಲೆ ಉದುರಿದ ಮೇಲೆ ಮರದಿಂದ ಆವಿಯಾಗುವ ನೀರು ಬಹಳ ಕಡಿಮೆಯಾಗುತ್ತದೆ. ಕಾಂಡದಲ್ಲಿ ಉಳಿದ ನೀರು, ಆಳದ ಬೇರಿಗೆ ಸಿಗುವ ತೇವ ಇವೆರಡರ ಬಲದಲ್ಲಿ ಮರ ಹೂವಿಗೆ ಅಣಿಯಾಗುತ್ತದೆ. ಎಲೆಯ ಮರೆಯಿಲ್ಲದ ಕೊಂಬೆಯಲ್ಲಿ ಹೂ ದೂರದಿಂದಲೇ ಹಕ್ಕಿಗೂ ಜೇನಿಗೂ ಕಾಣುತ್ತದೆ. ಈಗ ಅರಳಿದ ಹೂ ಕಾಯಾಗಿ ಬಲಿತು, ಬೀಜ ನೆಲಕ್ಕೆ ಬೀಳುವಷ್ಟರಲ್ಲಿ ಮುಂಗಾರು ಹತ್ತಿರ ಬಂದಿರುತ್ತದೆ. ಹಗಲು ಉದ್ದವಾಗುತ್ತಾ ಬರುವುದನ್ನು ಗ್ರಹಿಸಿ, ಮಳೆಗೆ ಕಾಯದೆ ಚಿಗುರುವ ಮರಗಳೂ ಇವೆ. ಮೊದಲ ಮಳೆ ಬೀಳುವ ಹೊತ್ತಿಗೆ ಅವುಗಳ ಎಲೆ ಬಲಿತು ದುಡಿಯಲು ಸಿದ್ಧವಾಗಿರುತ್ತದೆ. ಮಾವು, ಅರಳಿಯ ಎಳೆ ಚಿಗುರು ಹಸಿರಾಗಿರದೆ ತಾಮ್ರದ ಬಣ್ಣದಲ್ಲಿರುವುದಕ್ಕೂ ಅರ್ಥವಿದೆ. ಆ ಕೆಂಪು ವರ್ಣದ್ರವ್ಯ ಎಳೆ ಎಲೆಯನ್ನು ಪ್ರಖರ ಬಿಸಿಲಿನಿಂದ ಕಾಯುತ್ತದೆ, ಎಲೆ ತಿನ್ನುವ ಹುಳುಗಳನ್ನೂ ದೂರವಿಡಬಹುದು ಎಂದು ಸಸ್ಯವಿಜ್ಞಾನಿಗಳು ವಿವರಿಸುತ್ತಾರೆ.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಇದಕ್ಕೆ ಬದಲಾಗಿ ಮಳೆಗಾಗಿ ಕಾಯುವ ಗಿಡ ಕಾಣುತ್ತದೆ. ಕಾಫಿ ಗಿಡದ ಮೊಗ್ಗುಗಳು ಒಣ ಹವೆಯಲ್ಲಿ ವಾರಗಟ್ಟಲೆ ನಿದ್ದೆಯಲ್ಲಿರುತ್ತವೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಒಂದು ಅಂಗುಲದಷ್ಟು ಹೂಮಳೆ ಬಿದ್ದರೆ ಸಾಕು, ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಒಟ್ಟಿಗೇ ಬಿಳಿಯಾಗುತ್ತದೆ. ಮಲ್ಲಿಗೆಯನ್ನು ನೆನಪಿಸುವ ಪರಿಮಳ ರಸ್ತೆಯವರೆಗೂ ಹರಡುತ್ತದೆ. ಹೂವಿನ ಆಯುಷ್ಯ ಎರಡು ಮೂರು ದಿನ ಮಾತ್ರ. ಆಮೇಲೆ ಮತ್ತೊಂದು ಮಳೆ ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಹೂವು ಬಿರಿಯುವ ಹೊತ್ತಿಗೇ ಮಳೆ ಸುರಿದರೆ ಫಸಲು ಕೆಡುತ್ತದೆ. ಬೆಳೆಗಾರರು ಆ ದಿನಗಳಲ್ಲಿ ಆಕಾಶ ನೋಡುತ್ತಾ ಕಳೆಯುವುದು ಬರಿಯ ಚೆಲುವಿಗಾಗಿ ಅಲ್ಲ. ಆದರೂ ಆ ಬಿಳಿ ತೋಟದ ಮುಂದೆ ನಿಂತು ನೋಡದ ಬೆಳೆಗಾರ ಸಿಗುವುದು ಕಷ್ಟ. ದುಡಿಮೆ ಮತ್ತು ಆನಂದ ಇಲ್ಲಿ ಬೇರೆ ಬೇರೆಯಲ್ಲ.

ಕೈತೋಟದ ಮಾತಿಗೆ ಬಂದರೆ, ವಸಂತ ಈ ನಾಡಿನಲ್ಲಿ ಹೊಸದಾಗಿ ನೆಡುವ ಕಾಲಕ್ಕಿಂತ ಇದ್ದುದನ್ನು ಕಾಪಾಡುವ, ಬೀಜ ಹಿಡಿಯುವ, ಮಣ್ಣು ಕಟ್ಟುವ ಕಾಲ. ನೀರಿನ ಅನುಕೂಲವಿದ್ದ ಹಿತ್ತಲಿನಲ್ಲಿ ಬೆಂಡೆ, ಹೀರೆ, ಸೌತೆ, ಹರಿವೆ, ಅಲಸಂದೆ ಬಿಸಿಲಿಗೂ ಚೆನ್ನಾಗಿ ಬರುತ್ತವೆ. ಉಳಿದವರು ಸಸಿ ನೆಡುವ ಆಸೆಯನ್ನು ಮುಂಗಾರಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಹಾಗೆಂದು ಕೈಗೆ ಕೆಲಸವಿಲ್ಲವೆಂದಲ್ಲ.

ಮೊದಲ ಕೆಲಸ ತರಗೆಲೆಯದು. ಹೊಂಗೆ, ಹಲಸು, ಮಾವು, ಬಾದಾಮಿ ಮರಗಳ ಕೆಳಗೆ ಈ ವಾರಗಳಲ್ಲಿ ಬೀಳುವ ಎಲೆ ಬೆಲೆಬಾಳುವ ವಸ್ತು. ಮಲೆನಾಡಿನವರು ಇದನ್ನು ದರಗು ಎನ್ನುತ್ತಾರೆ. ಅಲ್ಲಿ ಅದು ಕೊಟ್ಟಿಗೆಯ ಹಾಸಾಗಿ, ಆಮೇಲೆ ಗೊಬ್ಬರವಾಗಿ ಅಡಿಕೆ ತೋಟ ಸೇರುತ್ತದೆ. ಗಿಡದ ಪಾತಿಗೆ ಅಂಗೈ ಅಗಲದಷ್ಟು ದಪ್ಪ ತರಗೆಲೆ ಹೊದಿಸಿ, ಒಂದೆರಡು ದಿನ ಬಿಟ್ಟು ಎಲೆ ಸರಿಸಿ ಮುಟ್ಟಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬಯಲಿನ ಮಣ್ಣು ಹೆಂಚಿನಂತೆ ಕಾದಿರುವಾಗ ಎಲೆಯಡಿಯ ಮಣ್ಣು ತಂಪಾಗಿ, ಬೆರಳಿಗೆ ಅಂಟುವಷ್ಟು ತೇವವಾಗಿರುತ್ತದೆ. ಕೆಲವು ವಾರ ಕಳೆದರೆ ಅಲ್ಲಿ ಎರೆಹುಳು, ಸಹಸ್ರಪದಿ, ಬಿಳಿ ಶಿಲೀಂಧ್ರದ ಎಳೆಗಳು ಕಾಣತೊಡಗುತ್ತವೆ. ಇಂಥ ಎಲೆಯನ್ನು ನಗರದ ಬೀದಿಗಳಲ್ಲಿ ಪ್ರತಿ ವರ್ಷ ಗುಡ್ಡೆ ಹಾಕಿ ಬೆಂಕಿ ಇಡಲಾಗುತ್ತದೆ. ಗಾಳಿ ಕೆಡುತ್ತದೆ, ಮರದ ಬುಡ ಸುಡುತ್ತದೆ, ಮಣ್ಣಿಗೆ ಸೇರಬೇಕಾದದ್ದು ಹೊಗೆಯಾಗಿ ಹೋಗುತ್ತದೆ. ವಸಂತದಲ್ಲಿ ನಡೆಯುವ ತಪ್ಪುಗಳಲ್ಲಿ ಇದರಷ್ಟು ಸುಲಭವಾಗಿ ನಿಲ್ಲಿಸಬಹುದಾದದ್ದು ಬೇರೊಂದಿಲ್ಲ.

ಎರಡನೆಯದು ನೀರು. 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನೀರಿನ ತೀವ್ರ ಕೊರತೆ ಉಂಟಾದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ತೋಟಗಾರಿಕೆ ಶ್ರೀಮಂತರ ಶೋಕಿ ಎಂದು ವಾದಿಸುವವರಿಗೆ ಇದು ಬಲವಾದ ಆಧಾರ. ನೆರೆಹೊರೆಯವರು ಟ್ಯಾಂಕರಿಗೆ ಕಾಯುತ್ತಿರುವಾಗ ಹುಲ್ಲುಹಾಸಿಗೆ ಪೈಪು ಹಿಡಿಯುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿನಲ್ಲೇ ಎಂಟು ಹತ್ತು ಕುಂಡಗಳು ಬದುಕಿಕೊಳ್ಳುತ್ತವೆ. ಹಳ್ಳಿಯ ಬಚ್ಚಲ ನೀರು ಬಾಳೆಯ ಬುಡಕ್ಕೆ, ಕೆಸುವಿನ ಪಾತಿಗೆ ಹರಿಯುವ ಏರ್ಪಾಡು ಬಹಳ ಹಳೆಯದು. ಸಂಜೆ ಬಿಸಿಲು ಇಳಿದ ಮೇಲೆ ಬುಡಕ್ಕಷ್ಟೇ ನೀರುಣಿಸಿ ಎಲೆ ಹೊದಿಸಿದರೆ ಬೇಕಾಗುವ ನೀರು ಇನ್ನೂ ಕಡಿಮೆ. ಕೊರತೆಯ ಕಾಲದಲ್ಲಿ ಬಿಡಬೇಕಾದದ್ದು ಹುಲ್ಲುಹಾಸನ್ನು, ಗಿಡಗಳನ್ನಲ್ಲ.

ಇಷ್ಟು ಕಾಳಜಿಗೆ ಈ ಋತುವಿನಲ್ಲಿ ಕೂಡಲೇ ಸಿಗುವ ಫಲವೆಂದರೆ ಮಲ್ಲಿಗೆ. ಚಳಿಗಾಲದಲ್ಲಿ ಗಿಡ ಸವರಿ, ಬುಡ ಬಿಡಿಸಿ, ಗೊಬ್ಬರ ಕೊಟ್ಟು ನೀರು ಹಾಯಿಸಿದ್ದರೆ ಮಾರ್ಚಿಯಿಂದ ಮೊಗ್ಗು ತುಂಬುತ್ತದೆ. ಬಿಡಿಸುವುದಕ್ಕೆ ಹೊತ್ತು ತಿಳಿದಿರಬೇಕು. ಹಸಿರು ಛಾಯೆ ಇನ್ನೂ ಉಳಿದಿರುವ ಮೊಗ್ಗನ್ನು ಕಿತ್ತರೆ ಅದು ಸಂಜೆಗೆ ಅರಳುವುದಿಲ್ಲ. ಬಿಳುಪೇರಿ ಉಬ್ಬಿದ್ದನ್ನು ಬೆಳಗಿನ ಜಾವ, ಬಿಸಿಲು ಏರುವ ಮೊದಲೇ, ತೊಟ್ಟಿನೊಂದಿಗೆ ಬಿಡಿಸಬೇಕು. ಒದ್ದೆ ಬಟ್ಟೆಯಲ್ಲೋ ಬಾಳೆ ಎಲೆಯಲ್ಲೋ ಸುತ್ತಿಟ್ಟರೆ ದಿನವಿಡೀ ಬಾಡದೆ ಉಳಿದು ದೀಪ ಹಚ್ಚುವ ಹೊತ್ತಿಗೆ ಬಿರಿಯುತ್ತದೆ. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗಳು ಮೂರೂ ಭೌಗೋಳಿಕ ಗುರುತು ಪಡೆದಿವೆ. ಉಡುಪಿಯ ಶಂಕರಪುರದ ಸುತ್ತ ಮಲ್ಲಿಗೆಯನ್ನು ಬಾಳೆ ನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ಅಲ್ಲಿ ಎಷ್ಟೋ ಮನೆಗಳ ಹೆಂಗಸರು ಅಂಗಳದ ಗಿಡಗಳಿಂದಲೇ ಕೈಗೆ ಕಾಸು ಕಂಡಿದ್ದಾರೆ.

ಕೈತೋಟದ ಮೂರನೆಯ ಕೆಲಸ ಬೀಜ ಹಿಡಿಯುವುದು. ಬಳ್ಳಿಯಲ್ಲೇ ಒಣಗಲು ಬಿಟ್ಟ ಹೀರೆ, ಸೋರೆ, ಅವರೆ, ಕೊಂಬೆಯಲ್ಲೇ ಬಲಿತ ಬೆಂಡೆ ಇವೆಲ್ಲ ವಸಂತದ ಬಿಸಿಲಿನಲ್ಲಿ ಒಣಗಿ ಸಿದ್ಧವಾಗುತ್ತವೆ. ಸೌತೆ ಬೀಜವನ್ನು ಸಗಣಿಯೊಂದಿಗೆ ಗೋಡೆಗೆ ಮೆತ್ತಿಡುವ, ಕಾಳನ್ನು ಬೂದಿ ಬೆರೆಸಿ ಮಡಕೆಯಲ್ಲಿಡುವ, ಸೋರೆಯನ್ನು ಅಟ್ಟಕ್ಕೆ ತೂಗುಬಿಡುವ ರೂಢಿಗಳಿಗೆ ಕಾರಣವಿದೆ: ತೇವವಿಲ್ಲದ ಬೀಜಕ್ಕೆ ಬೂಷ್ಟು ಹಿಡಿಯುವುದಿಲ್ಲ, ಬೂದಿಯಲ್ಲಿ ಹುಳು ಸುಲಭವಾಗಿ ಬೀಳುವುದಿಲ್ಲ. ಅಂಗಡಿಯಿಂದ ತಂದ ಪೊಟ್ಟಣದ ಬೀಜ ಎಲ್ಲರ ಮನೆಯಲ್ಲೂ ಒಂದೇ. ಒಂದು ಅಂಗಳದ ಮಣ್ಣಿಗೆ, ಬಿಸಿಲಿಗೆ ತಲೆಮಾರುಗಳಿಂದ ಒಗ್ಗಿಕೊಂಡ ಬೀಜ ಕಳೆದುಹೋದರೆ ಮತ್ತೆ ಸಿಗುವುದಿಲ್ಲ.

ತೋಟ ಒಂದೇ ಜಾಗದ ವಸಂತವನ್ನು ತೋರಿಸುತ್ತದೆ. ಅದರ ವಿಸ್ತಾರ ತಿಳಿಯಬೇಕಾದರೆ ನಡೆಯಬೇಕು. ಇದಕ್ಕೆ ಬೆಟ್ಟ ಹತ್ತಬೇಕೆಂದಿಲ್ಲ. ಹತ್ತದಿರುವುದೇ ಈ ತಿಂಗಳುಗಳಲ್ಲಿ ಲೇಸು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಬೆಂಕಿ ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಒಣ ಹುಲ್ಲು, ಒತ್ತಾಗಿ ಬೆಳೆದ ಲಂಟಾನ ಪೊದೆ, ಬೀಸುವ ಗಾಳಿ ಮೂರೂ ಸೇರಿದರೆ ಒಂದು ಬೀಡಿಯ ತುಂಡು ಸಾಕು. ಅರಣ್ಯ ಇಲಾಖೆ ಬೇಸಿಗೆಯಲ್ಲಿ ಚಾರಣಕ್ಕೆ ಹಾಕುವ ನಿರ್ಬಂಧವನ್ನು ಪಾಲಿಸುವುದು ಕಾಡನ್ನು ಪ್ರೀತಿಸುವವರ ಮೊದಲ ಕರ್ತವ್ಯ. ವಸಂತದ ನಡಿಗೆಗೆ ತಕ್ಕ ಜಾಗ ಊರ ಸುತ್ತಲೇ ಇದೆ: ಕೆರೆ ಏರಿ, ಗುಂಡುತೋಪು, ಹೊಲದ ಬದು, ಬಂಡಿದಾರಿ, ದೇವರಬನದ ಅಂಚು. ಬೆಳಗ್ಗೆ ಆರರಿಂದ ಎಂಟರೊಳಗೆ ಮುಗಿಯುವ, ಲೆಕ್ಕಕ್ಕಲ್ಲದ, ಆಗಾಗ ನಿಲ್ಲುವ ನಡಿಗೆ ಅದು. ಕೈಯ ಗಡಿಯಾರ ಹೆಜ್ಜೆ ಎಣಿಸುತ್ತಿದ್ದರೆ ನಿಲ್ಲುವುದು ನಷ್ಟವೆನಿಸುತ್ತದೆ. ನೋಡುವುದಕ್ಕೆ ಹೊರಟವರಿಗೆ ನಿಂತಷ್ಟೂ ಲಾಭ.

ಹೂಬಿಟ್ಟ ಮುತ್ತುಗದ ಮರವೊಂದರ ಕೆಳಗೆ ಕಾಲು ಗಂಟೆ ನಿಂತರೆ ಎಷ್ಟೆಲ್ಲ ನಡೆಯುತ್ತದೆಂಬುದು ತಿಳಿಯುತ್ತದೆ. ಕಂದುಗಪ್ಪು ಮಖಮಲ್ಲಿನಂಥ ಪುಷ್ಪಪಾತ್ರೆಯಿಂದ ಗಿಣಿಯ ಕೊಕ್ಕಿನಂತೆ ಬಾಗಿದ ಹೂ ಹೊರಬಂದಿರುತ್ತದೆ. ಅದಕ್ಕೆ ಪರಿಮಳವಿಲ್ಲ, ಮಕರಂದ ಮಾತ್ರ ಹೇರಳ. ಮೈನಾ, ಸೂರಕ್ಕಿ, ಕಾಜಾಣ, ಗಿಣಿ, ಅಳಿಲು ಸರದಿಯ ಮೇಲೆ ಬರುತ್ತವೆ. ಹೂವಿನೊಳಗೆ ಮುಖ ಹಾಕಿದ ಹಕ್ಕಿ ಹಣೆಗೆ ಪರಾಗ ಮೆತ್ತಿಕೊಂಡು ಇನ್ನೊಂದು ಮರಕ್ಕೆ ಹಾರುತ್ತದೆ. ಪಕ್ಕದ ಅರಳಿಯಲ್ಲಿ ಕುಟ್ರು ಹಕ್ಕಿ ಬಿಡುವಿಲ್ಲದೆ ಕೂಗುತ್ತಿರುತ್ತದೆ. ಕೋಗಿಲೆ ವಸಂತದಲ್ಲಿ ಎಲ್ಲಿಂದಲೋ ಬರುತ್ತದೆಂದು ಹಲವರು ನಂಬಿದ್ದಾರೆ. ಅದು ವರ್ಷವಿಡೀ ಇಲ್ಲೇ ಇರುವ ಹಕ್ಕಿ. ಸಂತಾನದ ಕಾಲ ಹತ್ತಿರವಾದಾಗ ಗಂಡು ದನಿ ಎತ್ತುತ್ತದೆ. ಅದೇ ಕಾಲಕ್ಕೆ ಕಾಗೆ ಗೂಡು ಕಟ್ಟುತ್ತದೆ, ಕೋಗಿಲೆ ಆ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ನಿಜವಾಗಿ ಹೊರಟುನಿಲ್ಲುವವು ಬೇರೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆದ ಪಟ್ಟೆತಲೆ ಹೆಬ್ಬಾತುಗಳು ಈ ಹೊತ್ತಿಗೆ ಹಿಮಾಲಯ ದಾಟಿ ಮಧ್ಯ ಏಷ್ಯಾದ ತವರಿಗೆ ಮರಳುತ್ತವೆ. ಕೆರೆಯಲ್ಲಿ ನೀರು ಹಿಂದೆ ಸರಿದ ಮೇಲೆ ರೈತರು ಹೂಳು ತೆಗೆದು ಹೊಲಕ್ಕೆ ಸಾಗಿಸುತ್ತಾರೆ. ಅದೂ ವಸಂತದ ನೋಟವೇ.

ಬೆಂಗಳೂರಿನವರಿಗೆ ಈ ನಡಿಗೆಯನ್ನು ಒಬ್ಬ ತೋಟಗಾರ ನೂರು ವರ್ಷಗಳ ಹಿಂದೆಯೇ ಯೋಚಿಸಿ ಇಟ್ಟುಹೋಗಿದ್ದಾರೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾದ ಮೂಲಕ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಲಾಲ್‌ಬಾಗಿನ ಹೊಣೆ ಹೊತ್ತರು. ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದಾದರೂ ರಸ್ತೆಯಲ್ಲಿ ಮರ ಹೂಬಿಟ್ಟಿರಬೇಕು ಎಂಬುದು ಅವರ ಯೋಜನೆ. ದಕ್ಷಿಣ ಅಮೆರಿಕದ ಜಕರಂಡ, ಮಡಗಾಸ್ಕರಿನ ಗುಲ್‌ಮೊಹರ್, ಈ ನೆಲದ ಹೊಳೆ ದಾಸವಾಳ, ಕಕ್ಕೆ ಒಂದಾದ ಮೇಲೊಂದು ಅರಳುವ ಕ್ರಮ ಹಾಗೆ ಬೆಳೆದುಬಂತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ನೆಡಲಾದ ಸುಮಾರು 15 ಲಕ್ಷ ಸಸಿಗಳು ಆ ಪರಂಪರೆಯನ್ನು ಮುಂದುವರಿಸಿದವು. ಈಗ ಪ್ರತಿ ವಸಂತದಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಮರಗಳ ಮುಂದೆ ಛಾಯಾಚಿತ್ರಕ್ಕಾಗಿ ಜನ ಸೇರುತ್ತಾರೆ. ಆ ಸಂತೋಷ ನಿಜವಾದದ್ದೇ, ಅದನ್ನು ಹಳಿಯಬೇಕಿಲ್ಲ. ಆದರೆ ಅದೇ ಬೀದಿಯ ಹೊಂಗೆಯ ಹೊಸ ಹಸಿರಿಗೆ ಕ್ಯಾಮೆರಾದಲ್ಲಿ ಬಣ್ಣ ಸಾಲದೆಂದು ಯಾರೂ ಕಣ್ಣೆತ್ತಿ ನೋಡದಿದ್ದರೆ ವಸಂತದ ಹೆಚ್ಚಿನ ಪಾಲು ಕೈತಪ್ಪಿದಂತೆ.

ಕಣ್ಣನ್ನು ತಡೆದು ನಿಲ್ಲಿಸುವ ಶಕ್ತಿ ಇರುವುದು ಕೈಕಲೆಗಳಿಗೆ. ಒಂದು ಬೂರುಗದ ಹೂವನ್ನು ಪೆನ್ಸಿಲಿನಲ್ಲಿ ಬರೆಯಲು ಕುಳಿತವರು ದಳ ಐದೇ ಎಂಬುದನ್ನು, ಕೇಸರಗಳು ಗುಂಪುಗುಂಪಾಗಿ ನಿಂತಿರುವುದನ್ನು, ದಳದ ಹೊರಮೈ ರೇಷ್ಮೆಯಂತೆ ಹೊಳೆಯುವುದನ್ನು ಕಾಣದೆ ಇರಲಾರರು. ಚಿತ್ರ ಚೆನ್ನಾಗಿ ಬಂತೋ ಇಲ್ಲವೋ ಎಂಬುದು ಮುಖ್ಯವಲ್ಲ. ಬರೆಯುವಷ್ಟು ಹೊತ್ತು ನೋಡಿದ್ದು ಮುಖ್ಯ. ಕನ್ನಡದಲ್ಲಿ ಇದಕ್ಕೆ ದೊಡ್ಡ ನಿದರ್ಶನ ಬಿ. ಜಿ. ಎಲ್. ಸ್ವಾಮಿ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಈ ಸಸ್ಯವಿಜ್ಞಾನದ ಅಧ್ಯಾಪಕರು ತಾವೇ ಬರೆದ ರೇಖಾಚಿತ್ರಗಳೊಂದಿಗೆ ರಚಿಸಿದ ‘ಹಸುರು ಹೊನ್ನು’ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಕಾಫಿ ಬೆಳೆಯುತ್ತಲೇ ಹಕ್ಕಿಗಳ ಛಾಯಾಚಿತ್ರ ತೆಗೆದರು, ಚಿತ್ರ ಬರೆದರು, ಮೀನು ಹಿಡಿದರು. ಅವರ ಬರವಣಿಗೆ ಆ ಹವ್ಯಾಸಗಳಿಂದ ಬೇರೆಯಾಗಿರಲಿಲ್ಲ. ಇಬ್ಬರಲ್ಲೂ ನೆಲ, ನಡಿಗೆ, ಕೈಕೆಲಸ ಒಂದನ್ನೊಂದು ಬೆಳೆಸಿದವು.

ಚಿತ್ರ ಬಾರದವರಿಗೆ ದಿನಚರಿ ಇದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಲ್ಲಿ ವಸಂತದ 27 ಲಕ್ಷಣಗಳನ್ನು ಗುರುತು ಹಾಕತೊಡಗಿದರು: ಯಾವ ಹೂ ಎಂದು ಅರಳಿತು, ಓಕ್ ಮರ ಎಂದು ಚಿಗುರಿತು, ಯಾವ ಹಕ್ಕಿ ಎಂದು ಕೂಗಿತು. ಅವರ ವಂಶದವರು ಅದನ್ನು 1958ರವರೆಗೆ ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಅರಳಿದ ದಿನಗಳು ಒಂಬತ್ತನೆಯ ಶತಮಾನದಿಂದಲೂ ಅರಮನೆಯವರ, ಸನ್ಯಾಸಿಗಳ ದಿನಚರಿಗಳಲ್ಲಿ ದಾಖಲಾಗಿವೆ. 2021ರಲ್ಲಿ ಮಾರ್ಚ್ 26ಕ್ಕೇ ಹೂ ಪೂರ್ಣವಾಗಿ ಅರಳಿದ್ದು 1,200 ವರ್ಷಗಳಲ್ಲೇ ಅತಿ ಬೇಗ ಎಂದು ಹೇಳಲು ಸಾಧ್ಯವಾದದ್ದು ಆ ದಾಖಲೆಗಳಿಂದ. ಹವಾಮಾನ ಬದಲಾಗುತ್ತಿದೆ ಎಂಬ ಮಾತಿಗೆ ಇಂಥ ಸಾಮಾನ್ಯ ಟಿಪ್ಪಣಿಗಳು ಗಟ್ಟಿ ಸಾಕ್ಷಿಯಾಗಿವೆ. ಭಾರತದಲ್ಲಿ ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆ ಇದೇ ಕೆಲಸಕ್ಕೆ ಜನರನ್ನು ಕರೆಯುತ್ತದೆ: ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳನ್ನು ಗುರುತು ಹಾಕುವುದು. ಶಾಲೆಯ ಅಂಗಳದಲ್ಲಿ ಒಂದು ಬೇವೋ ಹೊಂಗೆಯೋ ಇದ್ದರೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಹೂ ಕಟ್ಟುವುದು, ರಂಗೋಲಿ ಹಾಕುವುದು, ಮುತ್ತುಗದ ಎಲೆ ಹಚ್ಚುವುದು ಇವನ್ನು ಹವ್ಯಾಸಗಳ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. ಮನೆಯ ಹೆಂಗಸರು ದಿನವೂ ಮಾಡುವ ಕೆಲಸವೆಂಬ ಕಾರಣಕ್ಕೆ ಅದರ ಕಲೆ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಮುತ್ತುಗದ ಹೂವಿನಿಂದ ಬಣ್ಣ ತೆಗೆಯುವುದೂ ಕಷ್ಟವಲ್ಲ. ಬಿದ್ದ ಹೂಗಳನ್ನು ಆಯ್ದು ನೆರಳಿನಲ್ಲಿ ಒಣಗಿಸಿ, ರಾತ್ರಿ ನೆನೆಸಿ, ಬೆಳಗ್ಗೆ ಸಣ್ಣ ಉರಿಯಲ್ಲಿ ಕಾಸಿದರೆ ನೀರು ಕಿತ್ತಳೆ ಮಿಶ್ರಿತ ಹಳದಿಯಾಗುತ್ತದೆ. ಪಟಕದ ನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆಗೆ ಅದು ಚೆನ್ನಾಗಿ ಹಿಡಿಯುತ್ತದೆ. ಹೋಳಿಗೆ ಎರಚುತ್ತಿದ್ದ ಬಣ್ಣ ಒಂದು ಕಾಲದಲ್ಲಿ ಇದೇ ಆಗಿತ್ತು; ಚರ್ಮ ಸುಡುವ ರಾಸಾಯನಿಕ ಪುಡಿಗಳು ಬಂದದ್ದು ಆಮೇಲೆ.

ಇವೆಲ್ಲ ಬಿಡುವಿದ್ದವರ ಮಾತು, ದುಡಿದು ತಿನ್ನುವವರಿಗೆ ವಸಂತವೇನು ಬೇಸಿಗೆಯೇನು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನೀರಿಗಾಗಿ ಮೈಲಿ ನಡೆಯುವವರಿಗೆ ನಡಿಗೆ ಹವ್ಯಾಸವಲ್ಲ. ಆದರೆ ವಸಂತವನ್ನು ಹತ್ತಿರದಿಂದ ಬಲ್ಲವರು ಯಾರೆಂದು ನೋಡಿದರೆ ಆಕ್ಷೇಪ ತಿರುವುಮುರುವಾಗುತ್ತದೆ. ಜೇನು ಇಳಿಸುವ ಸೋಲಿಗರು, ಹುಣಸೆ ಬಡಿಯುವ ಕೂಲಿಯವರು, ಕುರಿ ಕಾಯುವವರು ಯಾವ ಮರ ಯಾವ ವಾರ ಹೂ ಬಿಡುತ್ತದೆಂಬುದನ್ನು ಪುಸ್ತಕವಿಲ್ಲದೆ ಹೇಳಬಲ್ಲರು. ಆ ತಿಳಿವಳಿಕೆಯನ್ನು ಕಳೆದುಕೊಂಡವರು ಬಿಡುವುಳ್ಳ ಪಟ್ಟಣಿಗರು. ಅವರು ಅದನ್ನು ಮತ್ತೆ ಗಳಿಸಬೇಕಾದರೆ ಇವರಿಂದಲೇ ಕಲಿಯಬೇಕು. ಆರೋಗ್ಯದ ಲಾಭವನ್ನು ಮುಂದಿಟ್ಟು ಜನರನ್ನು ಹೊರಗೆ ಕರೆಯುವ ವಾದವೂ ಪ್ರಚಾರದಲ್ಲಿದೆ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯ ಮೇಲೆ 2019ರಲ್ಲಿ ಪ್ರಕಟವಾದ ಅಧ್ಯಯನವು ವಾರಕ್ಕೆ 120 ನಿಮಿಷ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವ ಸಂಭವ ಹೆಚ್ಚು ಎಂದು ಕಂಡುಕೊಂಡಿತು. ಒಳ್ಳೆಯ ಮಾಹಿತಿ. ಹಾಗಿದ್ದೂ ವಸಂತ ಗುಳಿಗೆಯಲ್ಲ. ನೋಡುವುದಕ್ಕೆ ಯೋಗ್ಯವಾದದ್ದು ಹೊರಗಿದೆ ಎಂಬುದೇ ಹೊರಗೆ ಹೋಗಲು ಸಾಕಷ್ಟು ಕಾರಣ.

ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ. ಅದು ಬಿದ್ದರೆ ಧರಣಿಯೆಲ್ಲ ಬೆಳೆ ಎಂದು ರೈತರು ಈಗಲೂ ಆಡಿಕೊಳ್ಳುತ್ತಾರೆ. ಅಲ್ಲಿಗೆ ಬಿತ್ತನೆಯ ಮಾತು ಶುರುವಾಗುತ್ತದೆ. ಎತ್ತಿಟ್ಟ ಬೀಜ, ತರಗೆಲೆಯಡಿ ಹದವಾದ ಮಣ್ಣು, ಎಲ್ಲಿ ಏನು ಚೆನ್ನಾಗಿ ಬರುತ್ತದೆಂಬ ಟಿಪ್ಪಣಿ ಕೈಯಲ್ಲಿದ್ದವರಿಗೆ ಆ ಹೊತ್ತಿಗೆ ಪಾತಿ ಸಿದ್ಧವಿರುತ್ತದೆ. ಅದಕ್ಕೂ ಮೊದಲಿನ ವಾರಗಳಲ್ಲಿ ನಗರಪಾಲಿಕೆಗಳು, ಬಡಾವಣೆಯ ಸಂಘಗಳು, ಶಾಲೆಗಳು ಎರಡು ಕೆಲಸ ಮಾಡಲಿ: ಬಿದ್ದ ಎಲೆಗೆ ಬೆಂಕಿ ಇಡುವುದನ್ನು ನಿಲ್ಲಿಸಿ ಮರದ ಬುಡಕ್ಕೇ ಬಿಡಲಿ, ಉಳಿದಿರುವ ಗುಂಡುತೋಪು, ಕೆರೆಯಂಗಳಗಳನ್ನು ಒತ್ತುವರಿಯಿಂದ ಕಾಪಾಡಿ ಜನರ ನಡಿಗೆಗೆ ಉಳಿಸಲಿ.